ದಾನಿಯೇಲನ ಎಪ್ಪತ್ತು ವಾರ: ಒಂದು ಚಾರ್ಟ್‌ನಲ್ಲಿ ಕ್ರಿ.ಶ. 27, ಇನ್ನೊಂದರಲ್ಲಿ 32. ಎಡವಟ್ಟು ಎಲ್ಲಿ?

ಸುರುಳಿ ಓದುಗ

ಎಲ್ಲರಿಗೂ ವಂದನೆಗಳು. ಅಂತ್ಯಕಾಲದ ಪ್ರವಾದನೆಗಳ ಬಗ್ಗೆ ಅಧ್ಯಯನದ ಟಿಪ್ಪಣಿ ಮಾಡುತ್ತಿದ್ದೇನೆ. ಕೈಯಲ್ಲಿ ಎರಡು ಚಾರ್ಟ್‌ಗಳಿವೆ. ಯೆರೂಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆಯಿಂದ ಅಭಿಷಿಕ್ತನು (ಮೆಸ್ಸೀಯನು) ಬರುವವರೆಗಿನ ಕಾಲವನ್ನು ವಾರಗಳಲ್ಲಿ ಹೇಳುವ ದಾನಿಯೇಲ 9:25ನ್ನು ಎರಡೂ ಪಾರಸಿಯ ಅರ್ತಷಸ್ತ ರಾಜನ ಕಾಲದಿಂದ ಶುರುಮಾಡುತ್ತವೆ, 69 ವಾರ ಅಂದರೆ 483 ವರ್ಷ ಎನ್ನುತ್ತವೆ. ಆದರೆ ಒಂದು ಕ್ರಿ.ಶ. 27ಕ್ಕೆ ಮುಟ್ಟುತ್ತದೆ, ಇನ್ನೊಂದು 32ಕ್ಕೆ. ಅದೇ ಚಾರ್ಟ್‌ಗಳಲ್ಲಿ ಪ್ರಕಟನೆಯ ಏಳು ಮುದ್ರೆ, ಏಳು ತುತ್ತೂರಿ, ಏಳು ಪಾತ್ರೆಗಳನ್ನು ಒಂದರ ಹಿಂದೆ ಒಂದರಂತೆ 21 ಘಟನೆಗಳಾಗಿ ಸಾಲಾಗಿ ಜೋಡಿಸಿದ್ದಾರೆ. ಮೂಲದಲ್ಲಿ ಇರುವುದೆಷ್ಟು, ಚಾರ್ಟ್ ಬರೆದವರು ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಬೇಕು. ಬಲ್ಲವರು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ

ಮೊದಲು ಲೆಕ್ಕ ಮುಗಿಸೋಣ, ಅರ್ಥದ ವಿಚಾರ ಆಮೇಲೆ. ವ್ಯತ್ಯಾಸ ಇರುವುದು ಎರಡು ಕಡೆ: ಎಲ್ಲಿಂದ ಎಣಿಸುತ್ತೀರಿ ಎನ್ನುವುದರಲ್ಲಿ, ಮತ್ತು ವರ್ಷಕ್ಕೆ ಎಷ್ಟು ದಿನ ಎನ್ನುವುದರಲ್ಲಿ.

"ಯೆರೂಸಲೇಮು ಜೀರ್ಣೋದ್ಧಾರವಾಗಲಿ" ಎಂಬ ಅಪ್ಪಣೆ ಯಾವುದು? ಸತ್ಯವೇದದಲ್ಲಿ ಮೂರು ಪ್ರಮುಖ ಅಭ್ಯರ್ಥಿಗಳಿವೆ. ಪಾರಸಿಯ ರಾಜ ಕೋರೆಷನ ಅಪ್ಪಣೆ, ಕ್ರಿ.ಪೂ. 538 (ಎಜ್ರ 1). ಅರ್ತಷಸ್ತನು ತನ್ನ 7ನೆಯ ವರ್ಷದಲ್ಲಿ ಎಜ್ರನಿಗೆ ಕೊಟ್ಟ ಪತ್ರ, ಕ್ರಿ.ಪೂ. 457 (ಎಜ್ರ 7). ಅದೇ ಅರ್ತಷಸ್ತನು 20ನೆಯ ವರ್ಷದಲ್ಲಿ ನೆಹೆಮೀಯನಿಗೆ ಕೊಟ್ಟ ಅನುಮತಿ, ಕ್ರಿ.ಪೂ. 445 ಅಥವಾ 444 (ನೆಹೆಮೀಯ 2). ಹಾಗಾಗಿ "ಅರ್ತಷಸ್ತನ ಕಾಲ" ಎಂದಷ್ಟೇ ಬರೆದರೆ ಸಾಲದು. ನಿಮ್ಮ ಎರಡು ಚಾರ್ಟ್‌ಗಳು ಒಬ್ಬನೇ ರಾಜನ ಎರಡು ಬೇರೆ ವರ್ಷಗಳಿಂದ ಹೊರಟಿವೆ.

ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷ ಇಲ್ಲ. ಆದ್ದರಿಂದ ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವಾಗ ಕಳೆದ ಮೇಲೆ 1 ಕೂಡಿಸಬೇಕು:

483 − 457 = 26, 1 ಕೂಡಿಸಿದರೆ ಕ್ರಿ.ಶ. 27.
483 − 445 = 38, 1 ಕೂಡಿಸಿದರೆ ಕ್ರಿ.ಶ. 39.

ಕ್ರಿ.ಶ. 39 ಯಾರಿಗೂ ಬೇಡ, ಯೇಸು ಶಿಲುಬೆಗೇರಿ ಆಗಲೇ ಹಲವು ವರ್ಷ ಕಳೆದಿರುತ್ತವೆ. ಆದ್ದರಿಂದ 445ನ್ನು ಹಿಡಿದವರು 360 ದಿನಗಳ "ಪ್ರವಾದನಾ ವರ್ಷ"ವನ್ನು ತರುತ್ತಾರೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸರ್ ರಾಬರ್ಟ್ ಆಂಡರ್ಸನ್ ಇದನ್ನು ಪ್ರಸಿದ್ಧಿಗೆ ತಂದರು. 483 × 360 = 1,73,880 ದಿನ. ಅದನ್ನು 365.2422ರಿಂದ ಭಾಗಿಸಿದರೆ 476 ವರ್ಷ, ಮೇಲೆ ಸುಮಾರು 25 ದಿನ. 476 − 445 = 31, 1 ಕೂಡಿಸಿದರೆ 32. ನಿಮ್ಮ ಎರಡನೆಯ ಚಾರ್ಟ್ ಇದೇ. 444ರಿಂದ ಹೊರಟರೆ 33 ಬರುತ್ತದೆ.

360ಕ್ಕೆ ಕೊಡುವ ಆಧಾರ ಪೂರ್ತಿ ಟೊಳ್ಳಲ್ಲ. ಪ್ರಕಟನೆ 11:2-3ರಲ್ಲಿ 42 ತಿಂಗಳು ಮತ್ತು 1,260 ದಿನ ಒಟ್ಟೊಟ್ಟಿಗೆ ಬರುತ್ತವೆ, ಅಂದರೆ ತಿಂಗಳಿಗೆ 30 ದಿನ. ಆದಿಕಾಂಡ 7:11ರಿಂದ 8:4ರವರೆಗೆ ಐದು ತಿಂಗಳಿಗೆ 150 ದಿನ. ತೊಂದರೆ ಇರುವುದು ಬೇರೆ ಕಡೆ. ಯೆಹೂದ್ಯರು ಬಾಳಿದ್ದು ಚಾಂದ್ರಮಾನ ತಿಂಗಳುಗಳ ವರ್ಷದಲ್ಲಿ, ಸುಮಾರು 354 ದಿನ. ಪಸ್ಕ ಹಬ್ಬ ಜವೆಗೋದಿಯ ಕಾಲ ತಪ್ಪದಂತೆ ಆಗಾಗ ಅಧಿಕ ಮಾಸ ಸೇರಿಸಿ ಸೂರ್ಯನ ವರ್ಷಕ್ಕೆ ಸರಿಹೊಂದಿಸುತ್ತಿದ್ದರು. ನಾನೂರು ಐನೂರು ವರ್ಷ 360 ದಿನದ ಪಂಚಾಂಗದಲ್ಲೇ ಎಣಿಸಿದ್ದರೆ ಪಸ್ಕ ವರ್ಷಕ್ಕೆ ಐದು ದಿನದಂತೆ ಹಿಂದೆ ಜಾರಿ ಎಲ್ಲ ಋತುಗಳನ್ನೂ ಸುತ್ತಿಬಿಡುತ್ತಿತ್ತು.

ಇನ್ನೊಂದು ತೊಡಕು. ಯೇಸು ಶಿಲುಬೆಗೇರಿದ್ದು ಪಸ್ಕದ ಸಮಯದ ಶುಕ್ರವಾರ. ಆದರೆ ಕ್ರಿ.ಶ. 32ರಲ್ಲಿ ಪಸ್ಕದ ದಿನವಾದ ನಿಸಾನ್ 14 ಶುಕ್ರವಾರದ ಹತ್ತಿರಕ್ಕೂ ಬರುವುದಿಲ್ಲ. ಚಂದ್ರನ ಲೆಕ್ಕಕ್ಕೆ ಒಗ್ಗುವ ವರ್ಷಗಳೆಂದು ಹೆಚ್ಚಿನವರು ಒಪ್ಪುವುದು 30 ಮತ್ತು 33. ಒಂದು ದಿನವೂ ತಪ್ಪದೆ ನೆರವೇರಿತು ಎಂದು ಹೇಳುವ ಚಾರ್ಟ್ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

457ರ ಗುಂಪಿನವರಿಗೆ ಸೌರವರ್ಷ ಸಾಕು, 360 ಬೇಕಿಲ್ಲ. ಕ್ರಿ.ಶ. 27ನ್ನು ಅವರು ಶಿಲುಬೆಗಲ್ಲ, ಯೇಸುವಿನ ದೀಕ್ಷಾಸ್ನಾನಕ್ಕೆ ಹೊಂದಿಸುತ್ತಾರೆ. ಆದರೆ ಲೂಕ 3:1ರ "ತಿಬೇರಿಯನ ಹದಿನೈದನೆಯ ವರ್ಷ"ವನ್ನು ಸಾಮಾನ್ಯವಾಗಿ 28 ಅಥವಾ 29 ಎಂದು ಎಣಿಸುತ್ತಾರೆ. 27 ಬರಬೇಕಾದರೆ ತಿಬೇರಿಯನು ಔಗುಸ್ತನ ಜೊತೆಗೂಡಿ ಆಳಿದ ಕಾಲವನ್ನೂ ಸೇರಿಸಬೇಕು. ಅಲ್ಲದೆ ಎಜ್ರ 7ರ ಪತ್ರ ದೇವಾಲಯ, ಕಾಣಿಕೆ, ಧರ್ಮಶಾಸ್ತ್ರಗಳ ಬಗ್ಗೆ ಮಾತಾಡುತ್ತದೆ, ಪಟ್ಟಣ ಕಟ್ಟುವ ಮಾತು ಅದರಲ್ಲಿ ನೇರವಾಗಿಲ್ಲ. ನೆಹೆಮೀಯ 2ರಲ್ಲಿ ಪಟ್ಟಣದ ಮಾತಿದೆ.

ಹೀಬ್ರೂ ಆಸಕ್ತೆ

ಲೆಕ್ಕದ ಪುಸ್ತಕ ಅವರು ಹೇಳಿದ್ದಕ್ಕೆ ಮೊದಲೇ ಒಂದು ಮೆಟ್ಟಿಲಿದೆ. ಕನ್ನಡ ಓದುಗರಿಗೆ "ವಾರ" ಎಂದ ತಕ್ಷಣ ಏಳು ದಿನ ಕಣ್ಣಿಗೆ ಬರುತ್ತದೆ. ಹೀಬ್ರೂವಿನ ಶಾವೂಆ ಅಂದರೆ "ಏಳರ ಕಟ್ಟು". ಯಾವುದರ ಏಳು ಎಂಬುದನ್ನು ಸಂದರ್ಭ ಹೇಳಬೇಕು. ದಾನಿಯೇಲ 10:2ರಲ್ಲಿ ಅವನು ಮೂರು ವಾರ ಉಪವಾಸವಿದ್ದಾಗ ಮೂಲದಲ್ಲಿ "ದಿನಗಳ" ಎಂಬ ಪದವನ್ನು ಬೇಕೆಂದೇ ಸೇರಿಸಿದೆ. 9ನೆಯ ಅಧ್ಯಾಯದಲ್ಲಿ ಆ ಪದ ಇಲ್ಲ. ಅಲ್ಲಿ ದಾನಿಯೇಲನು ಓದುತ್ತಿದ್ದದ್ದು ಯೆರೆಮೀಯನ 70 ವರ್ಷಗಳ ಮಾತು (ಯೆರೆಮೀಯ 25:11, 29:10). ಎಪ್ಪತ್ತು ವರ್ಷ ಎಂದು ಓದಿದವನಿಗೆ ಎಪ್ಪತ್ತು ಏಳುಗಳು ಎಂದು ಉತ್ತರ ಬಂತು. ಹಾಗಾಗಿ 490 ವರ್ಷ ಎಂಬುದು ಊಹೆಯಲ್ಲ, ಸಂದರ್ಭವೇ ಕೊಡುವ ಅರ್ಥ. ಯಾಜಕಕಾಂಡ 25:8ರ ಪ್ರಕಾರ 49 ವರ್ಷಕ್ಕೆ ಒಂದು ಜೂಬಿಲಿ ಚಕ್ರ, 490 ಅಂದರೆ ಹತ್ತು ಜೂಬಿಲಿ. ಮೊದಲ ಓದುಗರ ಕಿವಿಗೆ ಇದು ಗಣಿತಕ್ಕಿಂತ ಹೆಚ್ಚಾಗಿ ಬಿಡುಗಡೆಯ ಮಾತಾಗಿ ಕೇಳಿಸಿರಬೇಕು.

ಎರಡನೆಯದು ವಿರಾಮ ಚಿಹ್ನೆ. 9:25ರಲ್ಲಿ "ಏಳು ವಾರ" ಮತ್ತು "ಅರುವತ್ತೆರಡು ವಾರ" ಬರುತ್ತವೆ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಏಳು ವಾರದ ಕೆಳಗೆ ಅತ್ನಾಹ್ ಎಂಬ ದೊಡ್ಡ ವಿರಾಮ ಗುರುತಿದೆ. ಅದರ ಪ್ರಕಾರ ಓದಿದರೆ ಏಳು ವಾರ (49 ವರ್ಷ) ಕಳೆದಾಗಲೇ ಒಬ್ಬ ಅಭಿಷಿಕ್ತ ಬರುತ್ತಾನೆ, ಆಮೇಲೆ 62 ವಾರ ಪಟ್ಟಣ ಕಟ್ಟಿದ ಸ್ಥಿತಿಯಲ್ಲಿರುತ್ತದೆ, ಅದಾದ ಮೇಲೆ ಇನ್ನೊಬ್ಬ ಅಭಿಷಿಕ್ತ ಛೇದಿಸಲ್ಪಡುತ್ತಾನೆ. ಥಿಯೊಡೋಶಿಯನನ ಗ್ರೀಕ್ ಅನುವಾದ ಎರಡನ್ನೂ ಕೂಡಿಸಿ 69 ಮಾಡುತ್ತದೆ. ಆ ಗುರುತುಗಳನ್ನು ಬರಹದಲ್ಲಿ ಇಟ್ಟದ್ದು ಕ್ರಿಸ್ತನಾದ ಎಷ್ಟೋ ಶತಮಾನಗಳ ನಂತರ, ಆದ್ದರಿಂದ ಅದೇ ಕೊನೆಯ ಮಾತಲ್ಲ. ಆದರೂ ನಿಮ್ಮ ಚಾರ್ಟ್ 69 ಎಂದು ಒಟ್ಟುಗೂಡಿಸಿದಾಗ ಒಂದು ನಿರ್ಧಾರ ಮಾಡಿಯಾಯಿತು, ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಏಳು ವಾರವನ್ನು ಬೇರೆ ಓದುವವರಲ್ಲಿ ಹೆಚ್ಚಿನವರು ಇಡೀ ದರ್ಶನವನ್ನು ಯೆಹೂದ್ಯರನ್ನು ಹಿಂಸಿಸಿದ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕನ ಕಾಲಕ್ಕೆ ತರುತ್ತಾರೆ. ಅವನ ಆಜ್ಞೆಯಂತೆ ಕ್ರಿ.ಪೂ. 167ರ ಡಿಸೆಂಬರಿನಲ್ಲಿ ಯೆರೂಸಲೇಮಿನ ಬಲಿಪೀಠದ ಮೇಲೆ "ಹಾಳುಮಾಡುವ ಅಸಹ್ಯ ವಸ್ತು" ನಿಂತಿತು, 164ರಲ್ಲಿ ದೇವಾಲಯ ಮತ್ತೆ ಶುದ್ಧಿಯಾಯಿತು. ಯೆರೂಸಲೇಮು ಬಾಬೆಲಿನವರ ಕೈಗೆ ಬಿದ್ದ ಕ್ರಿ.ಪೂ. 587ರಿಂದ ಕೋರೆಷನ 538ಕ್ಕೆ 49 ವರ್ಷ ಸೊಗಸಾಗಿ ಹೊಂದುತ್ತದೆ. ಯೆಶಾಯ 45:1 ಕೋರೆಷನನ್ನೇ ಅಭಿಷಿಕ್ತ ಎಂದು ಕರೆದಿದೆ. ಆದರೆ 538ರಿಂದ 62 ವಾರಗಳ 434 ವರ್ಷ ಕಳೆದರೆ 104 ಬರುತ್ತದೆ. ಛೇದಿಸಲ್ಪಟ್ಟ ಅಭಿಷಿಕ್ತನೆಂದು ಇವರು ಹೇಳುವ ಮಹಾಯಾಜಕ ಓನೀಯನು ಕೊಲೆಯಾದದ್ದು ಸುಮಾರು 171ರಲ್ಲಿ. ಅರುವತ್ತೇಳು ವರ್ಷ ಹೆಚ್ಚಾಯಿತು. ಇದಕ್ಕೆ ಕೆಲವರು 62 ವಾರಗಳನ್ನು 605ರಿಂದ ಎಣಿಸುತ್ತಾರೆ, ಆಗ ಸರಿಯಾಗಿ 171 ಬರುತ್ತದೆ. ಆದರೆ ಎರಡು ಅವಧಿಗಳು ಒಂದರ ಮೇಲೊಂದು ಬೀಳುತ್ತವೆ. ಅಂದರೆ ಯಾವ ಪಕ್ಷದ ಲೆಕ್ಕವೂ ಒಂದಲ್ಲ ಒಂದು ಹೊಂದಾಣಿಕೆ ಇಲ್ಲದೆ ಕೂಡಿಬರುವುದಿಲ್ಲ.

ಕಾದಿರುವವನು

ಸಹೋದರಿಯ ವಿವರಣೆಗೆ ಧನ್ಯವಾದ. ಆದರೆ ಅಂತಿಯೋಕನಲ್ಲೇ ಎಲ್ಲ ಮುಗಿಯಿತು ಎನ್ನಲು ಮತ್ತಾಯ 24:15 ಬಿಡುವುದಿಲ್ಲ. ಅಂತಿಯೋಕನು ಸತ್ತು ಸುಮಾರು ಇನ್ನೂರು ವರ್ಷದ ಮೇಲೆ ಯೇಸು "ದಾನಿಯೇಲನು ಹೇಳಿದ ಆ ಅಸಹ್ಯ ವಸ್ತುವನ್ನು ಕಂಡಾಗ" ಎಂದು ಮುಂದಿನ ಸಂಗತಿಯಾಗಿ ಮಾತಾಡುತ್ತಾನೆ. ಆದ್ದರಿಂದ ಒಂದು ನೆರವೇರಿಕೆ ಇನ್ನೊಂದಕ್ಕೆ ಮಾದರಿಯಾಗಿರಬಹುದು.

69ನೆಯ ವಾರಕ್ಕೂ 70ನೆಯ ವಾರಕ್ಕೂ ನಡುವೆ ಅಂತರವಿದೆ ಎಂದು ನಾವು ಹೇಳುವುದಕ್ಕೂ ಕಾರಣ ಇದೆ. 9:26ರಲ್ಲಿ ಅಭಿಷಿಕ್ತನ ಮರಣ, ಪಟ್ಟಣದ ನಾಶ ಎರಡೂ "62 ವಾರಗಳ ನಂತರ" ಬರುತ್ತವೆ, 70ನೆಯ ವಾರದ ಮಾತು 27ರಲ್ಲಿ ಶುರುವಾಗುತ್ತದೆ. ಪಟ್ಟಣ ನಾಶವಾದದ್ದು ಕ್ರಿ.ಶ. 70ರಲ್ಲಿ. ಯೇಸುವಿನ ಮರಣದಿಂದ ಅಲ್ಲಿಗೆ ಏಳು ವರ್ಷವಲ್ಲ, ಸುಮಾರು ನಲವತ್ತು. ಅಂತರವನ್ನು ಒಪ್ಪದವರೂ ಆ ನಲವತ್ತು ವರ್ಷಕ್ಕೆ ಜಾಗ ಮಾಡಲೇಬೇಕು. ಪ್ರವಾದನೆಯಲ್ಲಿ ಇಂಥ ಅಂತರಕ್ಕೆ ಉದಾಹರಣೆ ಲೂಕ 4:18-20. ಯೇಸು ಯೆಶಾಯ 61ನ್ನು ಓದುತ್ತಾ "ಕರ್ತನ ಮೆಚ್ಚಿಕೆಯ ವರ್ಷ" ಎಂಬಲ್ಲಿಗೆ ನಿಲ್ಲಿಸಿ ಸುರುಳಿ ಸುತ್ತಿದನು. ಅದೇ ವಾಕ್ಯದ ಮುಂದಿನ ತುಣುಕು "ಮುಯ್ಯಿತೀರಿಸುವ ದಿನ".

ಹೀಬ್ರೂ ಆಸಕ್ತೆ

ಈ ವಾದಕ್ಕೆ ತೂಕವಿದೆ, ಅಣ್ಣಾ. 9:27ರ "ಅವನು" ಯಾರು ಎಂಬುದನ್ನೂ ಸೇರಿಸಿ. ಒಡಂಬಡಿಕೆ ಮಾಡುವವನು ಹತ್ತಿರದ ಪದವಾದ "ಬರುವ ಪ್ರಭು" ಎಂದರೆ ಕ್ರಿಸ್ತವಿರೋಧಿ ಆಗುತ್ತಾನೆ. "ಅಭಿಷಿಕ್ತ" ಎಂದರೆ ಯಜ್ಞಗಳನ್ನು ನಿಲ್ಲಿಸಿದ್ದು ಕ್ರಿಸ್ತನ ಮರಣವೇ ಆಗುತ್ತದೆ. ವಾಕ್ಯದಲ್ಲಿ ಹೆಸರಿಲ್ಲ, ಬರೀ ಕ್ರಿಯಾಪದದ ಪುರುಷ ಪ್ರತ್ಯಯ ಇದೆ. ಏಳು ವರ್ಷಗಳ ಮಹಾ ಸಂಕಟ ಎಂಬ ಇಡೀ ಚೌಕಟ್ಟು ಈ ಒಂದು ಸರ್ವನಾಮದ ಮೇಲೆ ನಿಂತಿದೆ. ಪ್ರಕಟನೆಯಲ್ಲಿ 42 ತಿಂಗಳು, 1,260 ದಿನ, "ಒಂದುಕಾಲ, ಎರಡುಕಾಲ, ಅರ್ಧಕಾಲ" ಇವೆ. ಏಳು ವರ್ಷ ಎಂಬ ಮಾತು ಅಲ್ಲಿ ಒಮ್ಮೆಯೂ ಬರುವುದಿಲ್ಲ.

ಏಳು ದೀಪಸ್ತಂಭ

ಪ್ರಕಟನೆಯ 21 ಘಟನೆಗಳ ಸಾಲಿಗೆ ಬರೋಣ. ಪೆನ್ಸಿಲ್ ಹಿಡಿದು ನಾಲ್ಕು ವಚನಗಳನ್ನು ಒಂದರ ಕೆಳಗೊಂದು ಬರೆಯಿರಿ.

4:5: ಮಿಂಚು, ವಾಣಿಗಳು, ಗುಡುಗು.
8:5 (ಏಳನೆಯ ಮುದ್ರೆ): ಗುಡುಗು, ವಾಣಿಗಳು, ಮಿಂಚು, ಭೂಕಂಪ.
11:19 (ಏಳನೆಯ ತುತ್ತೂರಿ): ಮಿಂಚು, ವಾಣಿಗಳು, ಗುಡುಗು, ಭೂಕಂಪ, ದೊಡ್ಡ ಆನೆಕಲ್ಲು.
16:18-21 (ಏಳನೆಯ ಪಾತ್ರೆ): ಇವೆಲ್ಲವೂ, ಭೂಕಂಪ ಹಿಂದೆಂದೂ ಆಗದಷ್ಟು, ಆನೆಕಲ್ಲು ಒಂದೊಂದೂ ತಲಾಂತು ತೂಕದ್ದು.

ಪ್ರತಿ ಏಳರ ಕೊನೆಗೂ ಅದೇ ಮಾತು ಬರುತ್ತದೆ, ಪ್ರತಿಸಲ ಒಂದು ಅಂಶ ಹೆಚ್ಚಾಗುತ್ತದೆ. ಹಾನಿಯ ಅಳತೆಯೂ ಹಾಗೆಯೇ ಏರುತ್ತದೆ: ನಾಲ್ಕನೆಯ ಮುದ್ರೆಯಲ್ಲಿ ಭೂಮಿಯ ಕಾಲುಭಾಗ (6:8), ತುತ್ತೂರಿಗಳಲ್ಲಿ ಮೂರನೇ ಒಂದು ಭಾಗ, ಪಾತ್ರೆಗಳಲ್ಲಿ ಮಿತಿಯೇ ಇಲ್ಲ. ಇದನ್ನು ಮೊದಲ ಸಲ ಸಾಲಾಗಿ ಬರೆದು ನೋಡಿದಾಗ ಮೈ ಜುಮ್ಮೆನ್ನದೆ ಇರದು. ಯೋಹಾನನು ಎಷ್ಟು ಎಚ್ಚರದಿಂದ ಬರೆದಿದ್ದಾನೆ!

ಈಗ ನೇರ ಸಾಲಿಗೆ ಏನಾಗುತ್ತದೆ ನೋಡಿ. ಆರನೆಯ ಮುದ್ರೆಯಲ್ಲಿ (6:13-14) ನಕ್ಷತ್ರಗಳು ಭೂಮಿಗೆ ಬಿದ್ದವು, ಆಕಾಶ ಸುರುಳಿಯಂತೆ ಸುತ್ತಿಕೊಂಡು ಹೋಯಿತು. ಆದರೆ ನಾಲ್ಕನೆಯ ತುತ್ತೂರಿಯಲ್ಲಿ (8:12) ನಕ್ಷತ್ರಗಳಲ್ಲಿ ಮೂರನೇ ಒಂದು ಭಾಗ ಕತ್ತಲಾಗುತ್ತದೆ. ಬಿದ್ದುಹೋದ ನಕ್ಷತ್ರಗಳು ಮತ್ತೆ ಎಲ್ಲಿಂದ ಬಂದವು? ಅದಕ್ಕಿಂತ ದೊಡ್ಡ ಸಾಕ್ಷಿ 12:5. ಪುಸ್ತಕದ ನಟ್ಟನಡುವೆ ಗಂಡು ಮಗು ಹುಟ್ಟುತ್ತದೆ, ದೇವರ ಸಿಂಹಾಸನಕ್ಕೆ ಒಯ್ಯಲ್ಪಡುತ್ತದೆ. ಏಳನೆಯ ತುತ್ತೂರಿ ಊದಿ ಆದ ಮೇಲೆ ಕ್ರಿಸ್ತನ ಜನನಕ್ಕೆ ಕಥೆ ಹಿಂದಿರುಗಿತು. ಹಾಗಾಗಿ ಪುಸ್ತಕದ ಕ್ರಮ ಅಂದರೆ ಯೋಹಾನನು ಕಂಡ ಕ್ರಮ. ಸಂಭವಿಸುವ ಕ್ರಮವೂ ಅದೇ ಎಂದು ಬೇರೆಯಾಗಿ ಸಾಧಿಸಬೇಕು.

ಕೇಳಿದ್ದು ಮತ್ತು ಕಂಡದ್ದು ಎಂಬ ಜೋಡಿಯನ್ನೂ ಗಮನಿಸಿ. 5:5ರಲ್ಲಿ ಯೂದ ಕುಲದ ಸಿಂಹ ಎಂದು *ಕೇಳುತ್ತಾನೆ*, ತಿರುಗಿ ನೋಡಿದರೆ ವಧಿಸಲ್ಪಟ್ಟಂತಿದ್ದ ಕುರಿಮರಿಯನ್ನು *ಕಾಣುತ್ತಾನೆ*. 7:4ರಲ್ಲಿ 1,44,000 ಎಂದು *ಕೇಳುತ್ತಾನೆ*, 7:9ರಲ್ಲಿ ಯಾರೂ ಎಣಿಸಲಾಗದ ಸಮೂಹವನ್ನು *ಕಾಣುತ್ತಾನೆ*. ಸಿಂಹವೂ ಕುರಿಮರಿಯೂ ಒಬ್ಬನೇ ಆದರೆ ಈ ಎರಡು ಗುಂಪುಗಳೂ ಒಂದೇ ಇರಬಹುದೇ? ಆ ಪಟ್ಟಿಯಲ್ಲಿ ದಾನ್ ಕುಲವೇ ಇಲ್ಲ, ಯೋಸೇಫನೂ ಅವನ ಮಗ ಮನಸ್ಸೆಯೂ ಬೇರೆಬೇರೆಯಾಗಿ ಇದ್ದಾರೆ, ಎಫ್ರಾಯೀಮನ ಹೆಸರಿಲ್ಲ. ಜನಗಣತಿಯ ಪಟ್ಟಿ ಹೀಗಿರುವುದಿಲ್ಲ.

ಕಾದಿರುವವನು

ಪುನರಾವರ್ತನೆಯನ್ನು ಒಂದು ಮಟ್ಟಿಗೆ ಒಪ್ಪುತ್ತೇನೆ. ಆದರೆ 8:1-2ರಲ್ಲಿ ಏಳನೆಯ ಮುದ್ರೆ ಒಡೆದಾಗ ಹೊರಬರುವುದೇ ಏಳು ತುತ್ತೂರಿಗಳು. 15:1 ಪಾತ್ರೆಗಳನ್ನು "ಕಡೆಯ ಉಪದ್ರವಗಳು" ಎನ್ನುತ್ತದೆ. ಹಾಗಾಗಿ ದುರ್ಬೀನಿನ ಕೊಳವೆಗಳಂತೆ ಒಂದರೊಳಗಿಂದ ಒಂದು ಹೊರಬರುತ್ತದೆ ಎಂಬ ಓದು ಹೆಚ್ಚು ಸರಿ ಅನಿಸುತ್ತದೆ. ಮುಂದುವರಿಕೆ ಇದೆ, ಕೊನೆಗಳು ಒಂದೇ ಕಡೆ ಸೇರುತ್ತವೆ.

ಏಳು ದೀಪಸ್ತಂಭ

ಈ ಓದು ನನಗೂ ಒಪ್ಪಿತವೇ. ನನ್ನ ತಕರಾರು 21 ಚೌಕಗಳ ನೇರ ಸಾಲಿಗೆ ಮಾತ್ರ.

ತಿಳಿನೀರು

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಪ್ರಕಟನೆ 13:18ರ ಮೃಗದ ಸಂಖ್ಯೆಯಾದ 666ರ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ. ಇಂಗ್ಲಿಷ್ ಅಕ್ಷರಗಳಿಗೆ 6, 12, 18 ಎಂದು ಆರಾರು ಹೆಚ್ಚಿಸುತ್ತಾ ಬೆಲೆ ಕೊಟ್ಟು "ಕಂಪ್ಯೂಟರ್" ಎಂಬ ಪದಕ್ಕೆ 666 ಬರುತ್ತದೆ ಎಂದು ತೋರಿಸುತ್ತಾರೆ. ಕೂಡಿಸಿ ನೋಡಿದೆ, ನಿಜಕ್ಕೂ ಬರುತ್ತದೆ. ಇದಕ್ಕೆ ಏನು ಹೇಳುವುದು?

ಹೀಬ್ರೂ ಆಸಕ್ತೆ

ಕೂಡಿಸಿದ್ದು ಸರಿ, ಅಕ್ಷರಗಳಿಗೆ ಕೊಟ್ಟ ಬೆಲೆಯೇ ಕಟ್ಟಿದ್ದು. ಇಂಗ್ಲಿಷ್ ಅಕ್ಷರಗಳಿಗೆ ಅಂಥ ಬೆಲೆ ಯಾವ ಕಾಲದಲ್ಲೂ ಇರಲಿಲ್ಲ. ಆರರಿಂದ ಗುಣಿಸಲು ಹೊರಟವನು ಉತ್ತರ ಗೊತ್ತಿಟ್ಟುಕೊಂಡೇ ಹೊರಟಿದ್ದಾನೆ. ಆ ಪದ್ಧತಿಯಲ್ಲಿ ಮೊತ್ತ 111 ಬರುವ ಯಾವ ಪದವಾದರೂ 666 ಆಗಿಬಿಡುತ್ತದೆ.

ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳನ್ನೇ ಅಂಕಿಗಳಾಗಿಯೂ ಬಳಸುತ್ತಿದ್ದರು. ಆದ್ದರಿಂದ ಯಾವ ಹೆಸರನ್ನಾದರೂ ಕೂಡಿಸಬಹುದಿತ್ತು. "ನೀರೋ ಕೈಸರ" ಎಂಬುದನ್ನು ಗ್ರೀಕ್ ಉಚ್ಚಾರದಂತೆ ಹೀಬ್ರೂ ಅಕ್ಷರಗಳಲ್ಲಿ ನೆರೋನ್ ಕೆಸರ್ ಎಂದು ಬರೆದರೆ: ನೂನ್ 50, ರೇಷ್ 200, ವಾವ್ 6, ನೂನ್ 50, ಕೋಫ್ 100, ಸಾಮೆಕ್ 60, ರೇಷ್ 200. ಒಟ್ಟು 666. ಲ್ಯಾಟಿನ್ ಉಚ್ಚಾರದಲ್ಲಿ ಹೆಸರು "ನೀರೋ", ಕೊನೆಯ ನೂನ್ ಇಲ್ಲ. 50 ಕಳೆದರೆ 616. ಕೆಲವು ಪ್ರಾಚೀನ ಪ್ರತಿಗಳಲ್ಲಿ, ಉದಾಹರಣೆಗೆ ಪಪೈರಸ್ 115ರಲ್ಲಿ, 666ರ ಬದಲು 616 ಎಂದೇ ಇದೆ. ಒಂದೇ ಹೆಸರು ಎರಡೂ ಪಾಠಗಳನ್ನು ವಿವರಿಸುವುದು ಈ ಓದಿನ ದೊಡ್ಡ ಬಲ.

ಆಕ್ಷೇಪವೂ ಇದೆ. ಕೈಸರ ಪದದಲ್ಲಿ ಸಾಮಾನ್ಯವಾಗಿ ಯೋದ್ ಎಂಬ ಅಕ್ಷರ ಸೇರುತ್ತದೆ, ಆಗ 676 ಆಗುತ್ತದೆ. ಆದರೆ ಯೂದಾಯದ ಮರುಭೂಮಿಯ ಮುರಬ್ಬಾತ್ ಗುಹೆಗಳಲ್ಲಿ ಸಿಕ್ಕಿದ, ನೀರೋವಿನ ಆಳ್ವಿಕೆಯದೇ ಆದ ಒಂದು ಸಾಲಪತ್ರದಲ್ಲಿ ಯೋದ್ ಇಲ್ಲದ ಬರಹವೇ ಇದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕ್ರಿ.ಶ. 180ರ ಸುಮಾರಿಗೆ ಬರೆದ ಸಭಾಪಿತೃ ಐರೇನಿಯಸ್ 616 ಪಾಠವನ್ನು ಬಲ್ಲವನು, ಅದು ತಪ್ಪೆಂದು ವಾದಿಸುತ್ತಾನೆ. ಆದರೆ ನೀರೋವಿನ ಹೆಸರೇ ಎತ್ತುವುದಿಲ್ಲ. ಅವನು ಕೊಡುವ ಹೆಸರುಗಳು ಎವಾಂಥಸ್, ಲಾತೇಯ್ನೋಸ್, ತೇಯ್ತಾನ್. ಮೂರನೆಯದನ್ನು ಕೂಡಿಸಿ ನೋಡಿ: 300 + 5 + 10 + 300 + 1 + 50 = 666. ಇಷ್ಟೆಲ್ಲ ಹೇಳಿ, ಹೆಸರನ್ನು ಊಹಿಸುವುದಕ್ಕಿಂತ ನೆರವೇರುವವರೆಗೆ ಕಾಯುವುದೇ ಕ್ಷೇಮ ಎನ್ನುತ್ತಾನೆ.

ಕೈಗೋ ಹಣೆಗೋ ಹಾಕುವ ಮೃಗದ ಗುರುತು ಅಂದರೆ ಚಿಪ್, ಬಾರ್‌ಕೋಡ್ ಎನ್ನುವವರು ಪ್ರಕಟನೆ 13:16ನ್ನು ಓದಿ 14:1ಕ್ಕೆ ಹೋಗುವುದೇ ಇಲ್ಲ. ಅಲ್ಲಿ ಕುರಿಮರಿಯ ಜನರ ಹಣೆಯ ಮೇಲೂ ಹೆಸರು ಬರೆದಿದೆ. ಯೆಹೆಜ್ಕೇಲ 9:4ರಲ್ಲಿ ಹಣೆಯ ಗುರುತು, ಧರ್ಮೋಪದೇಶಕಾಂಡ 6:8ರಲ್ಲಿ ಕೈಗೂ ಹಣೆಗೂ ಕಟ್ಟಿಕೊಳ್ಳುವ ಆಜ್ಞೆ ಇದೆ. ಒಂದು ಗುರುತು ಲೋಹದ್ದು, ಇನ್ನೊಂದು ಆತ್ಮಿಕವಾದದ್ದು ಎಂದು ಓದುವವರು ಕಾರಣ ಕೊಡಬೇಕು.

ಗ್ರೀಕ್ ಕಲಿಕೆ

ಮತ್ತಾಯ 24:32ರ ಅಂಜೂರದ ಮರದ ಉಪಮೆಯ ಬಗ್ಗೆಯೂ ಒಂದು ಮಾತು, ಚಾರ್ಟ್‌ಗಳಲ್ಲಿ ಅದು ಇದ್ದೇ ಇರುತ್ತದೆ. "ಅಂಜೂರದ ಮರ ಅಂದರೆ ಇಸ್ರಾಯೇಲ್, ಅದು ಚಿಗುರಿದ್ದು 1948ರಲ್ಲಿ, ಒಂದು ತಲೆಮಾರು ಅಂದರೆ 40 ವರ್ಷ, ಆದ್ದರಿಂದ 1988" ಎಂದು ಎಷ್ಟೋ ಜನ ನಂಬಿ ಕಾದರು. ಆ ವರ್ಷ ಬಂದು ಹೋಯಿತು. ಆಮೇಲೆ ತಲೆಮಾರನ್ನು 70 ವರ್ಷ, 80 ವರ್ಷ ಎಂದು ಎಳೆದರು, ಆರಂಭವನ್ನು 1967ಕ್ಕೆ ಸರಿಸಿದರು. ಈ ಸರಪಳಿಯ ಮೊದಲ ಕೊಂಡಿಯೇ ಸಡಿಲ. ಅದೇ ಉಪಮೆಯನ್ನು ಲೂಕ 21:29ರಲ್ಲಿ ಓದಿ: "ಅಂಜೂರದ ಮರವನ್ನೂ *ಎಲ್ಲಾ ಮರಗಳನ್ನೂ* ನೋಡಿರಿ." ಎಲ್ಲ ಮರಗಳೂ ಚಿಗುರಿದರೆ ಬೇಸಿಗೆ ಹತ್ತಿರವಾಯಿತು ಎಂಬ ಸರಳ ಹೋಲಿಕೆ ಅದು.

ಮತ್ತಾಯ 24:34ರಲ್ಲಿ ಕನ್ನಡ ಓದುಗರಿಗೆ ಇನ್ನೊಂದು ತೊಡಕು. ನಮ್ಮ ಅನುವಾದದ "ಈ ಸಂತತಿ" ಎಂಬುದು ವಂಶ, ಜನಾಂಗ ಎಂದೂ ಕೇಳಿಸುತ್ತದೆ. ಗ್ರೀಕ್ ಪದ ಗೆನೆಯಾ. ಮತ್ತಾಯನು 11:16, 12:41, 23:36ರಲ್ಲಿ ಅದೇ ಪದವನ್ನು ಬಳಸಿದಾಗ ಅರ್ಥ ಆಗ ಬದುಕಿದ್ದ ತಲೆಮಾರು. ಹಾಗೆ ಓದಿದರೆ ಯೇಸುವಿನ ಮಾತಿಗೂ ಕ್ರಿ.ಶ. 70ಕ್ಕೂ ನಡುವಿನ ಸುಮಾರು ನಲವತ್ತು ವರ್ಷ ಸರಿಹೊಂದುತ್ತದೆ. ಲೂಕ 21:20 ಅಸಹ್ಯ ವಸ್ತುವಿನ ಜಾಗದಲ್ಲಿ "ದಂಡುಗಳು ಯೆರೂಸಲೇಮಿಗೆ ಮುತ್ತಿಗೆ ಹಾಕಿರುವುದನ್ನು" ಎಂದೇ ಹೇಳುತ್ತದೆ. ಆದರೆ 24:29-31ರ ಮನುಷ್ಯಕುಮಾರನ ಬರೋಣವನ್ನೂ 70ರಲ್ಲೇ ಮುಗಿಸುವುದು ಕಷ್ಟ. ಶಿಷ್ಯರು 24:3ರಲ್ಲಿ ಕೇಳಿದ್ದು ಎರಡು ವಿಷಯ, ದೇವಾಲಯದ ನಾಶ ಯಾವಾಗ ಮತ್ತು ನಿನ್ನ ಬರೋಣದ ಸೂಚನೆ ಏನು. ಎಲ್ಲಿ ಒಂದು ಉತ್ತರ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದೇ ಈ ಅಧ್ಯಾಯದ ನಿಜವಾದ ಕಗ್ಗಂಟು. 36ನೆಯ ವಚನದಲ್ಲಿ ತಿರುವು ಎಂದು ಹಲವರು, 29ರಲ್ಲಿ ಎಂದು ಇನ್ನು ಕೆಲವರು. ನನಗೆ 36 ಒಪ್ಪಿಗೆ. ಅಲ್ಲಿಯವರೆಗೆ "ಇವೆಲ್ಲವು", "ಆ ದಿನಗಳು" ಎಂದು ಬಹುವಚನ, ಅಲ್ಲಿಂದ "ಆ ದಿನ", "ಆ ಗಳಿಗೆ" ಎಂದು ಏಕವಚನ.

ತಿಳಿನೀರು

ಹಾಗಾದರೆ 1 ಥೆಸಲೊನೀಕ 4:17ರ ಎತ್ತಲ್ಪಡುವಿಕೆ, ಅಂದರೆ ವಿಶ್ವಾಸಿಗಳು ಕರ್ತನನ್ನು ಎದುರುಗೊಳ್ಳಲು ಮೇಲಕ್ಕೆ ಒಯ್ಯಲ್ಪಡುವುದು, ಮಹಾ ಸಂಕಟಕ್ಕೆ ಮೊದಲೋ ನಂತರವೋ?

ಗ್ರೀಕ್ ಕಲಿಕೆ

ಆ ವಚನದಲ್ಲಿ ಮೊದಲು, ನಂತರ ಎಂಬ ಮಾತೇ ಇಲ್ಲ. ಸತ್ತವರು ಹಿಂದುಳಿಯುವುದಿಲ್ಲ ಎಂದು ದುಃಖಿಸುವವರನ್ನು ಸಂತೈಸುವುದು ಪೌಲನ ಉದ್ದೇಶ. ಕಾಲಕ್ರಮವನ್ನು ಬೇರೆ ವಚನಗಳಿಂದ ತರಬೇಕು.

ಅಲ್ಲಿ ಕನ್ನಡದ "ಎದುರುಗೊಳ್ಳು" ಗ್ರೀಕಿನ ಅಪಾಂತೇಸಿಸ್ ಪದಕ್ಕೆ ಬಹಳ ಒಳ್ಳೆಯ ಅನುವಾದ. ಬರುವವರನ್ನು ಎದುರುಗೊಳ್ಳುವುದು ಅಂದರೆ ಹೊರಗೆ ಹೋಗಿ ಜೊತೆಯಲ್ಲಿ ಕರೆತರುವುದು. ಅಪೊಸ್ತಲರ ಕೃತ್ಯಗಳು 28:15ರಲ್ಲಿ ರೋಮಿನ ಸಹೋದರರು ಅಪ್ಪಿಯ ಪೇಟೆಯವರೆಗೆ ಬಂದು ಪೌಲನನ್ನು ಎದುರುಗೊಂಡರು, ಆಮೇಲೆ ಎಲ್ಲರೂ ರೋಮಿಗೆ ಹೋದರು. ಮತ್ತಾಯ 25:6ರ ಕನ್ನಿಕೆಯರೂ ಮದಲಿಂಗನನ್ನು ಎದುರುಗೊಂಡು ಒಳಕ್ಕೇ ಬರುತ್ತಾರೆ. ಈ ಪದ ಸಂಕಟದ ನಂತರ ಎನ್ನುವವರ ಕಡೆಗೆ ವಾಲುತ್ತದೆ, ಆದರೆ ಬರೀ ಪದದಿಂದ ತೀರ್ಪು ಆಗುವುದಿಲ್ಲ.

ಮೊದಲೇ ಎನ್ನುವವರ ಬಲವಾದ ವಚನ ಪ್ರಕಟನೆ 3:10, ಶೋಧನೆಯ "ಸಮಯದಿಂದ ತಪ್ಪಿಸಿ ಕಾಪಾಡುವೆನು". ಗ್ರೀಕಿನಲ್ಲಿ ತೇರೇಓ ಎಕ್. ಇದೇ ಜೋಡಿ ಯೋಹಾನ 17:15ರಲ್ಲಿಯೂ ಇದೆ. ಅಲ್ಲಿ ಯೇಸು "ಇವರನ್ನು ಲೋಕದಿಂದ ತೆಗೆದುಕೊಂಡು ಹೋಗಬೇಕೆಂದು ಕೇಳಿಕೊಳ್ಳುವುದಿಲ್ಲ, ಕೆಡುಕನಿಂದ ಕಾಪಾಡಬೇಕು" ಎನ್ನುತ್ತಾನೆ. ಸಂಕಟಕ್ಕೆ ಮೊದಲು ಒಂದು ಬರೋಣ, ನಂತರ ಇನ್ನೊಂದು ಎಂಬ ವಿಭಾಗ ವ್ಯವಸ್ಥಿತ ಬೋಧನೆಯಾಗಿ ಹರಡಿದ್ದು 1830ರ ದಶಕದಿಂದ, ಜಾನ್ ನೆಲ್ಸನ್ ಡಾರ್ಬಿಯವರ ಮೂಲಕ. ಹೊಸದಾದ ಮಾತ್ರಕ್ಕೆ ಸುಳ್ಳಲ್ಲ, ಆದರೆ "ಸಭೆ ಆದಿಯಿಂದ ನಂಬಿದ್ದು ಇದನ್ನೇ" ಎಂದು ಬರೆಯಬೇಡಿ.

ಕಾದಿರುವವನು

1 ಥೆಸಲೊನೀಕ 5:9ರ "ದೇವರು ನಮ್ಮನ್ನು ಕೋಪಕ್ಕೆ ನೇಮಿಸಲಿಲ್ಲ" ಎಂಬುದನ್ನೂ ತೂಗಿ. ಉಳಿದಂತೆ ಡಾರ್ಬಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಮ್ಮ ಕಡೆಯವರೂ ಅದನ್ನು ಮುಚ್ಚಿಡಬಾರದು.

ಏಳು ದೀಪಸ್ತಂಭ

ಸುದ್ದಿಗೆ ವಚನ ಹೊಂದಿಸುವ ಅಭ್ಯಾಸದ ಬಗ್ಗೆ ಎರಡು ಉದಾಹರಣೆ. 1986ರ ಚೆರ್ನೋಬಿಲ್ ಅಪಘಾತವನ್ನು ಪ್ರಕಟನೆ 8:11ರ ಮಾಚಿಪತ್ರೆ ಎಂಬ ನಕ್ಷತ್ರಕ್ಕೆ ಹೊಂದಿಸುತ್ತಾರೆ, ಆ ಊರ ಹೆಸರಿನ ಅರ್ಥ ಅದೇ ಎಂದು. ಆ ಹೆಸರು ಅದೇ ಕುಲದ ಇನ್ನೊಂದು ಗಿಡದ್ದು. ಅದು ಬಿಡಿ, ವಚನದಲ್ಲಿ ನಕ್ಷತ್ರ ಆಕಾಶದಿಂದ ಬೀಳುತ್ತದೆ, ನದಿಗಳ ಮೂರನೇ ಒಂದು ಭಾಗ ಕಹಿಯಾಗುತ್ತದೆ. ಹೆಸರು ಒಂದನ್ನು ಹಿಡಿದು ಉಳಿದ ಎಲ್ಲವನ್ನೂ ಬಿಟ್ಟರೆ ಯಾವ ಘಟನೆಯೂ ಹೊಂದುತ್ತದೆ.

ಎರಡನೆಯದು ಯೆಹೆಜ್ಕೇಲ 38ರಲ್ಲಿ ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವ ಗೋಗನ ಜೊತೆ ಹೆಸರಿಸಿರುವ ರೋಷ್, ಮೆಷೆಕ್, ತೂಬಲ್. ರಷ್ಯಾ, ಮಾಸ್ಕೋ, ತೊಬೋಲ್ಸ್ಕ್ ಎನ್ನುತ್ತಾರೆ. ಅಸ್ಸೀರಿಯದ ಶಾಸನಗಳಲ್ಲಿ ಮುಷ್ಕು, ತಬಲ್ ಎಂಬ ಜನರು ಈಗಿನ ಟರ್ಕಿಯ ನಾಡಿನಲ್ಲಿದ್ದಾರೆ. ಯೆಹೆಜ್ಕೇಲ 27:13ರಲ್ಲಿ ಅವರು ತೂರಿನ ಜೊತೆ ವ್ಯಾಪಾರ ಮಾಡುವವರು. ರೋಷ್ ಎಂಬುದು ಹೀಬ್ರೂವಿನಲ್ಲಿ "ತಲೆ, ಮುಖ್ಯ" ಎಂಬ ಸಾಮಾನ್ಯ ಪದವೂ ಹೌದು. "ರುಸ್" ಎಂಬ ಹೆಸರು ದಾಖಲೆಗಳಲ್ಲಿ ಕಾಣುವುದು ಕ್ರಿ.ಶ. 9ನೆಯ ಶತಮಾನದಲ್ಲಿ. ಕಿವಿಗೆ ಒಂದೇ ಥರ ಕೇಳಿಸಿತು ಎಂಬುದು ಸಾಕ್ಷಿಯಲ್ಲ.

ಒಂದು ಪರೀಕ್ಷೆ ಇಟ್ಟುಕೊಳ್ಳಿ: ಏಷ್ಯಾಸೀಮೆಯ ಏಳು ಸಭೆಗಳಲ್ಲಿ ಈ ಸುರುಳಿಯನ್ನು ಗಟ್ಟಿಯಾಗಿ ಓದಿದಾಗ ಕೇಳಿದವರಿಗೆ (1:3) ನಿಮ್ಮ ಅರ್ಥದಿಂದ ಏನಾದರೂ ದಕ್ಕುತ್ತಿತ್ತೇ? ದಾನಿಯೇಲನಿಗೆ ಪುಸ್ತಕಕ್ಕೆ ಮುದ್ರೆ ಹಾಕು ಎಂದು ಅಪ್ಪಣೆಯಾಯಿತು (12:4). ಯೋಹಾನನಿಗೆ ಮುದ್ರೆ ಹಾಕಬೇಡ ಎಂದಾಯಿತು (22:10). ಬೆಟ್ಟಗಳು ಏಳು (17:9) ಎಂದ ತಕ್ಷಣ ಅವರಿಗೆ ರೋಮ್ ಹೊಳೆದಿರಬೇಕು. ಅದರಿಂದಾಚೆಗೆ ಇನ್ನೊಂದು ನೆರವೇರಿಕೆ ಇಲ್ಲ ಎಂದು ಅರ್ಥವಲ್ಲ. ಆದರೆ ಮೊದಲ ಕೇಳುಗರಿಗೆ ಶೂನ್ಯ, ನಮಗೆ ಮಾತ್ರ ಎಲ್ಲ ಎಂಬ ಓದು ನಿಲ್ಲುವುದಿಲ್ಲ.

ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಬೇರೆಯೇ ಚರ್ಚೆ ಬೇಕು. ಪ್ರಕಟನೆ 20:4 ಮತ್ತು 20:5ರ "ಜೀವಿತರಾಗಿ ಎದ್ದರು" ಎಂಬುದು ಗ್ರೀಕಿನಲ್ಲಿ ಒಂದೇ ಕ್ರಿಯಾಪದ, ಎಜೇಸನ್. ಎರಡೂ ಕಡೆ ದೈಹಿಕ ಪುನರುತ್ಥಾನವೇ, ಅಥವಾ ಮೊದಲನೆಯದು ಆತ್ಮಿಕವೇ? ಸಭಾಪಿತೃಗಳಲ್ಲಿ ಜಸ್ಟಿನ್, ಐರೇನಿಯಸ್ ದೈಹಿಕ ಎನ್ನುವ ಕಡೆ, ಅಗಸ್ಟೀನ್ ಆತ್ಮಿಕ ಎನ್ನುವ ಕಡೆ. ಚಾರ್ಟ್‌ನಲ್ಲಿ ಬರೀ "1000" ಎಂದು ಚೌಕ ಹಾಕುವ ಬದಲು ಆ ಕ್ರಿಯಾಪದವನ್ನು ಬರೆಯಿರಿ.

ಸುರುಳಿ ಓದುಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಳೆಯ ಚಾರ್ಟ್‌ಗಳನ್ನು ಬದಿಗಿಟ್ಟು ಹೊಸ ಹಾಳೆ ಮಾಡಿದ್ದೇನೆ. ನಾಲ್ಕು ಅಂಕಣ: ವಚನದಲ್ಲಿ ಇರುವ ಪದ, ಅದು ಹಳೆಯ ಒಡಂಬಡಿಕೆಯಲ್ಲಿ ಎಲ್ಲಿಂದ ಬಂತು, ನಾವು ಮಾಡುತ್ತಿರುವ ನಿರ್ಧಾರ, ಆ ನಿರ್ಧಾರಕ್ಕೆ ಇರುವ ಆಕ್ಷೇಪ. ದಾನಿಯೇಲ 9ಕ್ಕೆ ಮೂರನೆಯ ಅಂಕಣದಲ್ಲೇ ಐದು ಸಾಲು ಬಂದವು: ವಾರ ಅಂದರೆ ವರ್ಷಗಳ ಏಳು, ಆರಂಭದ ಅಪ್ಪಣೆ, ವರ್ಷದ ಉದ್ದ, 7 ಮತ್ತು 62 ಕೂಡಿಸುವುದೋ ಬಿಡುವುದೋ, 27ನೆಯ ವಚನದ "ಅವನು". ದಾನಿಯೇಲ 8:14ಕ್ಕೂ ಒಂದು ಸಾಲು ಹಾಕಿದ್ದೇನೆ: ಪವಿತ್ರಾಲಯ ಶುದ್ಧಿಯಾಗುವವರೆಗಿನ 2,300 ದಿನಗಳನ್ನು ವರ್ಷಗಳೆಂದು ತೆಗೆದುಕೊಂಡರೆ (ಅರಣ್ಯಕಾಂಡ 14:34, ಯೆಹೆಜ್ಕೇಲ 4:6), 457ರಿಂದ ಎಣಿಸಿದಾಗ 2300 − 457 = 1843. ಸರಿ ತಾನೆ?

ಲೆಕ್ಕದ ಪುಸ್ತಕ

ಅಂಕಣಗಳು ಚೆನ್ನಾಗಿವೆ. ಕೊನೆಯ ಸಾಲಿನಲ್ಲಿ 1 ಕೂಡಿಸುವುದು ಬಿಟ್ಟಿರಿ, 1844 ಆಗಬೇಕು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರೂ ಕ್ರಿಸ್ತನ ಬರೋಣವನ್ನು ಮೊದಲು 1843ಕ್ಕೇ ಎದುರುನೋಡಿದರು, ಸೊನ್ನೆ ವರ್ಷ ಇಲ್ಲವೆಂಬುದನ್ನು ಕಂಡು ತಿದ್ದಿಕೊಂಡರು, ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಆ ದಿನ ಬೆಳಗಾಗುವವರೆಗೆ ಕಾದವರ ಕಣ್ಣೀರನ್ನು ಹಗುರವಾಗಿ ಕಾಣಬಾರದು, ಅವರಲ್ಲಿ ಎಷ್ಟೋ ಜನ ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಅವರ ಕೂಡುವಿಕೆ ತಿದ್ದಿದ ಮೇಲೆ ಸರಿಯಾಗಿಯೇ ಇತ್ತು. ಆದ್ದರಿಂದ ಆ ಸಾಲಿನ ನಾಲ್ಕನೆಯ ಅಂಕಣವನ್ನು ಖಾಲಿ ಬಿಡಬೇಡಿ. 8:14ರ ಮೂಲದಲ್ಲಿ "ದಿನ" ಎಂಬ ಸಾಮಾನ್ಯ ಪದವಿಲ್ಲ, "ಸಂಜೆ ಬೆಳಗು" ಎಂದಿದೆ. ದಿನಕ್ಕೆರಡು ನಿತ್ಯಹೋಮಗಳ ಲೆಕ್ಕ ಎಂದು ಓದಿದರೆ 2,300 ಹೋಮಗಳಿಗೆ 1,150 ದಿನ ಸಾಕು. 8:21 ಅದೇ ದರ್ಶನದಲ್ಲಿ ಬರುವ ಹೋತವನ್ನು ಗ್ರೀಕ್ ರಾಜ್ಯವೆಂದು ತಾನೇ ಬಿಡಿಸಿ ಹೇಳಿದೆ, ಆ ವಚನದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.